ಕಿವಿ ಬಾಗಿಲಿಗೂ ಒಂದು ಬೋರ್ಡು ಬೇಕು



ಇತ್ತೀಚೆಗೆ ನಮ್ಮ ಹಳ್ಳಿಗಳಲ್ಲಿ ಹೊಸ ಅಭ್ಯಾಸವೊಂದು ಬೆಳೆದಿದೆ. ಟ್ರ್ಯಾಕ್ಟರ್ ಓಡಿಸುವವನ ಕಿವಿಯಲ್ಲೂ ಮಾತು, ರಾತ್ರಿ ತ್ರೀ ಫೇಸ್ ಕರೆಂಟಿಗೆ ಕಾದು ಪಂಪ್‌ಸೆಟ್ ಹತ್ತಿರ ಕೂತವನ ಕಿವಿಯಲ್ಲೂ ಮಾತು. ಮೊದಲು ಮೊಬೈಲಿನಲ್ಲಿ ಸಿನಿಮಾ ಹಾಡು ಕೇಳುತ್ತಿದ್ದ ಹುಡುಗರು ಈಗ ರಾಜಕೀಯ ಕೇಳ್ತಾರೆ. ಇದಕ್ಕೆ ಪಾಡ್‌ಕಾಸ್ಟ್ ಅನ್ನುತ್ತಾರೆ. ಆ ಹೆಸರು ಹುಟ್ಟಿದ್ದು 2004ರಲ್ಲಿ, ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಯ ಒಂದು ಲೇಖನದಲ್ಲಿ. ಇದೂ ರೇಡಿಯೋದಂಥದ್ದೇ. ಆದರೆ ರೇಡಿಯೋಕ್ಕೆ ಹೊತ್ತು ಗೊತ್ತು ಇರುತ್ತದೆ, ಇದಕ್ಕಿಲ್ಲ. ನಿಮಗೆ ಪುರಸೊತ್ತಾದಾಗ ಹಾಕಿಕೊಂಡು ಕೇಳಬಹುದು. ಮಾತಾಡುವವನಿಗೂ ಸರ್ಕಾರದ ಲೈಸೆನ್ಸ್ ಬೇಕಿಲ್ಲ. ಒಂದು ಮೈಕು, ಒಂದು ಕೋಣೆ ಇದ್ದರೆ ಆಯಿತು.

ಹೀಗಾಗಿ ಮಾತಾಡುವವರ ಸಂಖ್ಯೆ ಮಳೆಗಾಲದ ಕಪ್ಪೆಗಳಂತೆ ಹೆಚ್ಚಿದೆ. ಅದರಲ್ಲಿ ಎಡಪಂಥೀಯರು, ಸಮಾಜವಾದಿಗಳು, ಸರ್ಕಾರವನ್ನು ಪ್ರಶ್ನೆ ಮಾಡುವವರು ಎಂದು ಹೆಸರಾದವರೂ ಬಹಳ ಇದ್ದಾರೆ. 2020-21ರಲ್ಲಿ ದೆಹಲಿಯ ಗಡಿಯಲ್ಲಿ ಚಳಿಯಲ್ಲಿ ಕೂತ ರೈತನನ್ನು ಕೆಲವು ಟೀವಿ ಚಾನೆಲ್‌ಗಳು ದೇಶದ್ರೋಹಿ ಎಂಬಂತೆ ತೋರಿಸಿದ ಮೇಲೆ ನಮ್ಮ ಯುವಕರು ಟೀವಿ ಬಿಟ್ಟು ಇವರ ಕಡೆ ತಿರುಗಿದರು. ಅದು ಸಹಜ. ಈಗ ಸಂಘದ ಸಭೆಗಳಲ್ಲಿ ಹುಡುಗರು ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಇವರೆಲ್ಲ ನಮ್ಮ ಪರ ಅಂತಾರೆ. ಯಾರನ್ನು ಕೇಳಬೇಕು, ಯಾರನ್ನು ಬಿಡಬೇಕು?"

1980ರ ದಶಕದಲ್ಲಿ ರೈತ ಸಂಘದವರು ಊರ ಬಾಗಿಲಲ್ಲಿ ಬೋರ್ಡು ನೆಟ್ಟು, ಅಪ್ಪಣೆ ಇಲ್ಲದೆ ಯಾವ ಅಧಿಕಾರಿಯೂ ಒಳಗೆ ಬರಕೂಡದು ಎಂದರು. ಸಾಲ ವಸೂಲಿಗೆ ಜೀಪಿನಲ್ಲಿ ಬಂದವರು ಆ ಬೋರ್ಡು ಓದಿ ನಿಲ್ಲಬೇಕಾಯಿತು. ಕಿವಿಯೂ ಊರ ಬಾಗಿಲಿನ ಹಾಗೆಯೇ. ಬಲಗಡೆಯವನು ಬಂದರೂ ಎಡಗಡೆಯವನು ಬಂದರೂ ಅಪ್ಪಣೆ ಕೇಳಿ ಒಳಗೆ ಬರಲಿ. "ನಾನು ನಿಮ್ಮ ಪರ" ಎಂದ ಮಾತ್ರಕ್ಕೆ ಬಾಗಿಲು ತೆಗೆಯಬೇಕಾಗಿಲ್ಲ. ಒಳಗೆ ಬಿಡುವ ಮುಂಚೆ ನಾಲ್ಕು ಪ್ರಶ್ನೆ ಕೇಳೋಣ.

ಮೊದಲನೆಯ ಪ್ರಶ್ನೆ: ಬೆಲೆಯ ಲೆಕ್ಕ ಗೊತ್ತೇ?

"ರೈತರಿಗೆ ನ್ಯಾಯ ಸಿಗಬೇಕು" ಎಂದು ಹೇಳಲು ಯಾವ ಓದೂ ಬೇಡ. ನ್ಯಾಯ ಎಂದರೆ ಕ್ವಿಂಟಾಲಿಗೆ ಎಷ್ಟು ರೂಪಾಯಿ ಎಂದು ಹೇಳಲು ಓದು ಬೇಕು. ರಾಗಿಯನ್ನೇ ತೆಗೆದುಕೊಳ್ಳಿ. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ಪ್ರಕಟಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಖರ್ಚಿನ ಮೇಲೆ ಅರ್ಧದಷ್ಟು ಲಾಭ ಸೇರಿಸಿ ಕೊಟ್ಟಿದ್ದೇವೆ ಎನ್ನುತ್ತದೆ ಸರ್ಕಾರ. 4,886ನ್ನು ಒಂದೂವರೆಯಿಂದ ಭಾಗಿಸಿ ನೋಡಿ. ಖರ್ಚು 3,257 ರೂಪಾಯಿ ಎಂದು ಹಿಡಿದ ಹಾಗಾಯಿತು. ಇದು ಯಾವ ಖರ್ಚು? ಬೀಜ, ಗೊಬ್ಬರ, ಔಷಧಿ, ಆಳಿನ ಕೂಲಿ, ಬಾಡಿಗೆಯ ಹಣ, ಅದರ ಜೊತೆ ಮನೆಯವರ ದುಡಿಮೆಗೆ ಒಂದು ಬೆಲೆ. ಇದನ್ನು ಎ-2 ಪ್ಲಸ್ ಎಫ್‌ಎಲ್ ಅಂತ ಕರೀತಾರೆ. ನಿಮ್ಮ ಸ್ವಂತ ಜಮೀನಿನ ಗುತ್ತಿಗೆ ಇದರಲ್ಲಿಲ್ಲ. ನೀವು ಹಾಕಿದ ಸ್ವಂತ ಬಂಡವಾಳದ ಬಡ್ಡಿ ಇದರಲ್ಲಿಲ್ಲ. ಅವೆರಡನ್ನೂ ಸೇರಿಸಿದರೆ ಬರುವ ಲೆಕ್ಕಕ್ಕೆ ಸಿ-2 ಎಂದು ಹೆಸರು. 2004ರಿಂದ 2006ರವರೆಗೆ ವರದಿ ಕೊಟ್ಟ ಸ್ವಾಮಿನಾಥನ್ ಆಯೋಗ ಖರ್ಚಿನ ಮೇಲೆ ಶೇಕಡಾ 50 ಸೇರಿಸಿ ಕೊಡಿ ಎಂದಾಗ ರೈತ ಸಂಘಟನೆಗಳು ಪಟ್ಟು ಹಿಡಿದಿರುವುದು ಈ ಸಿ-2 ಲೆಕ್ಕಕ್ಕೆ. ನಾವು ವೈಜ್ಞಾನಿಕ ಬೆಲೆ ಎಂದು ನಲವತ್ತು ವರ್ಷದಿಂದ ಕೂಗುತ್ತಿರುವುದೂ ಇದನ್ನೇ.

ಅಂಗಡಿ ಇಟ್ಟವನು ಸ್ವಂತ ಕಟ್ಟಡದ ಬಾಡಿಗೆಯನ್ನೂ ಸಾಮಾನಿನ ಬೆಲೆಗೆ ಸೇರಿಸ್ತಾನೆ. ಕಾರ್ಖಾನೆಯವನು ಸೇರಿಸ್ತಾನೆ. ರೈತನ ಜಮೀನು ಮಾತ್ರ ಪುಕ್ಕಟೆಯೇ? ಈ ಪ್ರಶ್ನೆಯನ್ನು ಯಾವ ಪಾಡ್‌ಕಾಸ್ಟಿನವನು ಎತ್ತುತ್ತಾನೋ ಅವನನ್ನು ಕೇಳಿ. ಒಂದು ಗಂಟೆ "ಅನ್ನದಾತ, ಅನ್ನದಾತ" ಎಂದು ಭಜನೆ ಮಾಡಿ, ಈ ಎರಡು ಲೆಕ್ಕದ ವ್ಯತ್ಯಾಸ ಹೇಳಲಾರದವನನ್ನು ಬಾಗಿಲಲ್ಲೇ ನಿಲ್ಲಿಸಿ.

ಎರಡನೆಯ ಪ್ರಶ್ನೆ: ಸಾಲದ ಲೆಕ್ಕವನ್ನು ಸರಿಯಾಗಿ ಹೇಳ್ತಾರೆಯೇ?

ಎಡಪಂಥೀಯ ಭಾಷಣಕಾರರು ಪದೇ ಪದೇ ಹೇಳುವ ಮಾತೊಂದಿದೆ: "ದೊಡ್ಡ ಉದ್ಯಮಿಗಳ ಲಕ್ಷಾಂತರ ಕೋಟಿ ಸಾಲ ಮನ್ನಾ ಆಯಿತು, ರೈತನದ್ದು ಮಾತ್ರ ಆಗಲಿಲ್ಲ." ಕೇಳುವುದಕ್ಕೆ ರೋಮಾಂಚನ ಆಗುತ್ತದೆ. ಆದರೆ ಇದನ್ನೇ ಹೋಗಿ ಬ್ಯಾಂಕಿನಲ್ಲಿ ಹೇಳಿದರೆ ಮ್ಯಾನೇಜರ್ ನಗ್ತಾನೆ. "ಅದು ಮನ್ನಾ ಅಲ್ಲ ರೀ, ರೈಟ್ ಆಫ್" ಅಂತಾನೆ. ರೈಟ್ ಆಫ್ ಎಂದರೆ ವಸೂಲಾಗದ ಸಾಲವನ್ನು ಬ್ಯಾಂಕಿನ ಮುಖ್ಯ ಲೆಕ್ಕದಿಂದ ತೆಗೆದು ಬದಿಗೆ ಬರೆದಿಡುವುದು. ಸಾಲಗಾರನ ಮೇಲಿನ ಹಕ್ಕು ಹಾಗೇ ಇರುತ್ತದೆ. ನಮ್ಮ ಕಾರ್ಯಕರ್ತ ಅಲ್ಲಿ ಬಾಯಿ ಮುಚ್ಚಿಕೊಂಡು ವಾಪಸ್ ಬರಬೇಕಾಗುತ್ತದೆ.

ಪೂರ್ತಿ ಸತ್ಯ ಹೇಳಿದರೆ ಇಂಥ ಅವಮಾನ ಬೇಕಿಲ್ಲ. 2023ರ ಆಗಸ್ಟಿನಲ್ಲಿ ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕ ನೋಡಿ. 2014-15ರಿಂದ 2022-23ರವರೆಗಿನ ಒಂಬತ್ತು ವರ್ಷದಲ್ಲಿ ಬ್ಯಾಂಕುಗಳು ರೈಟ್ ಆಫ್ ಮಾಡಿದ್ದು 14.56 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ದೊಡ್ಡ ಕೈಗಾರಿಕೆ ಮತ್ತು ಸೇವಾ ಉದ್ಯಮಗಳದ್ದೇ 7.41 ಲಕ್ಷ ಕೋಟಿ. ಹಾಗೆ ಬದಿಗಿಟ್ಟ ಸಾಲದಲ್ಲಿ ವಸೂಲಾದದ್ದು 2.04 ಲಕ್ಷ ಕೋಟಿ. ಅಂದರೆ ನೂರಕ್ಕೆ ಹದಿನಾಲ್ಕು ರೂಪಾಯಿ! ಈಗ ಮ್ಯಾನೇಜರನನ್ನು ಕೇಳಿ: "ಸ್ವಾಮಿ, ಮನ್ನಾ ಅಲ್ಲ, ಒಪ್ಪಿದೆವು. ಆದರೆ ನೂರರಲ್ಲಿ ಹದಿನಾಲ್ಕು ಬಂದರೆ ಸಾಕು ಎನ್ನುವ ತಾಳ್ಮೆ ನಮ್ಮ ಬೆಳೆ ಸಾಲದ ಮೇಲೆ ಯಾಕಿಲ್ಲ? ನಮ್ಮ ಮನೆಗೇ ಯಾಕೆ ನೋಟಿಸು?" ಈಗ ನಗುವ ಸರದಿ ನಮ್ಮದು. 2019ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಕೃಷಿ ಕುಟುಂಬಗಳಲ್ಲಿ ನೂರಕ್ಕೆ ಐವತ್ತು ಸಾಲದಲ್ಲಿವೆ. ಕುಟುಂಬಕ್ಕೆ ಸರಾಸರಿ ಸಾಲ 74,121 ರೂಪಾಯಿ. ಇಷ್ಟು ಸಣ್ಣ ಸಾಲಕ್ಕೆ ಇಷ್ಟು ದೊಡ್ಡ ಗದ್ದಲ!

ಆದ್ದರಿಂದ ಉತ್ಪ್ರೇಕ್ಷೆ ಮಾಡುವ ಗೆಳೆಯ ಬೇಡ. ಅವನು ಸ್ಟುಡಿಯೋದಲ್ಲಿ ಚಪ್ಪಾಳೆ ಗಿಟ್ಟಿಸಿಕೊಂಡು ಮನೆಗೆ ಹೋಗ್ತಾನೆ. ಬ್ಯಾಂಕಿನ ಮೆಟ್ಟಿಲ ಮೇಲೆ ನಿಲ್ಲುವವರು ನಾವು.

ಮೂರನೆಯ ಪ್ರಶ್ನೆ: ಯಾರ ಅನ್ನ ತಿಂದು ಮಾತಾಡ್ತಾರೆ?

ಇದನ್ನು ಕೇಳುವುದು ಅಸಭ್ಯತನವಲ್ಲ. ಗೊಬ್ಬರ ಕಂಪನಿಯ ಜಾಹೀರಾತು ತೆಗೆದುಕೊಳ್ಳುವವನು ಗೊಬ್ಬರದ ಬೆಲೆಯ ಬಗ್ಗೆ ಎಷ್ಟು ಮಾತಾಡಿಯಾನು? ಅಮೆರಿಕಾದ "ಡೆಮಾಕ್ರಸಿ ನೌ" ಎಂಬ ಕಾರ್ಯಕ್ರಮ 1996ರಲ್ಲಿ ರೇಡಿಯೋದಲ್ಲಿ ಶುರುವಾಯಿತು, ಏಮಿ ಗುಡ್‌ಮನ್ ಎಂಬ ಹೆಣ್ಣುಮಗಳು ಅದನ್ನು ನಡೆಸಿಕೊಂಡು ಬಂದಿದ್ದಾರೆ. ಜಾಹೀರಾತು ಇಲ್ಲ, ಕಂಪನಿ ಹಣ ಇಲ್ಲ, ಸರ್ಕಾರದ ಹಣ ಇಲ್ಲ. ಕೇಳುವವರ ಚಂದಾ, ದಾನಿಗಳ ನೆರವು. ನಮ್ಮಲ್ಲಿ 2012ರಲ್ಲಿ ಶುರುವಾದ "ನ್ಯೂಸ್‌ಲಾಂಡ್ರಿ" ಕೂಡ ಜಾಹೀರಾತಿನ ಹಂಗು ಬೇಡ, ಓದುಗರೇ ಹಣ ಕೊಡಲಿ ಎಂಬ ದಾರಿ ಹಿಡಿಯಿತು. ರೈತ ಸಂಘದವರಿಗೆ ಇದು ಹೊಸದೇನಲ್ಲ. ಸದಸ್ಯತ್ವದ ರಸೀದಿ ಹರಿದು ಚಳವಳಿ ಕಟ್ಟಿದವರು ನಾವು. ಚಂದಾ ಕೊಟ್ಟವನಿಗೆ ಪ್ರಶ್ನೆ ಕೇಳುವ ಹಕ್ಕು ಇರುತ್ತದೆ.

ನಾಲ್ಕನೆಯ ಪ್ರಶ್ನೆ: ಮೈಕನ್ನು ಯಾರ ಬಾಯಿಗೆ ಹಿಡೀತಾರೆ?

ಪಟ್ಟಣದ ನಾಲ್ಕು ಜನ ಪ್ಯಾಂಟು ಹಾಕಿಕೊಂಡವರು ಕೂತು ರೈತನ ವಿಚಾರ ಮಾತಾಡುವುದು ಒಂದು ಬಗೆ. ರೈತನೇ, ರೈತ ಹೆಂಗಸೇ, ಕೂಲಿಯವನೇ ಮಾತಾಡುವುದು ಇನ್ನೊಂದು ಬಗೆ. ಎರಡನೆಯದು ಬಹಳ ಕಡಿಮೆ. ಎಲ್ಲಿದೆಯೋ ಅಲ್ಲಿ ಕಿವಿ ಕೊಡಿ.

ಈಗ ಒಬ್ಬೊಬ್ಬರನ್ನೇ ತೂಕಕ್ಕೆ ಹಾಕೋಣ. ಇಂಗ್ಲಿಷಿನವನ್ನು ಊರಿನ ಓದಿದ ಮಕ್ಕಳ ಬಾಯಿಂದ ಅರ್ಥ ಹೇಳಿಸಿಕೊಂಡು ಕೇಳಬಹುದು, ನಾನೂ ಹಾಗೇ ಕೇಳುವುದು.

ಅಮೆರಿಕಾದಲ್ಲಿ ಎಡಗಡೆಯ ಪಾಡ್‌ಕಾಸ್ಟ್ ಎಂದರೆ ನಮ್ಮ ಪಟ್ಟಣದ ಹುಡುಗರು ಮೊದಲು ಹೇಳುವ ಹೆಸರು ಎರಡು. ಒಂದು "ಪಾಡ್ ಸೇವ್ ಅಮೆರಿಕಾ". 2017ರಲ್ಲಿ ಶುರುವಾಯಿತು. ನಡೆಸುವವರು ಒಬಾಮಾ ಅಧ್ಯಕ್ಷರಾಗಿದ್ದಾಗ ಅವರ ಕಚೇರಿಯಲ್ಲಿ ಕೆಲಸ ಮಾಡಿದವರು. ಅದು ಎಡಪಂಥಕ್ಕಿಂತ ಹೆಚ್ಚಾಗಿ ಡೆಮಾಕ್ರಟಿಕ್ ಪಕ್ಷದ ಚುನಾವಣೆ ಲೆಕ್ಕಾಚಾರ. ಯಾರು ಗೆದ್ದಾರು, ಯಾರು ಸೋತಾರು. ನಮ್ಮ ಊರ ಹೋಟೆಲಿನಲ್ಲಿ ಈ ಮಾತು ಬೇಕಾದಷ್ಟಿದೆ, ಅದಕ್ಕೆ ಅಮೆರಿಕಾಕ್ಕೆ ಯಾಕೆ ಹೋಗಬೇಕು? ಇನ್ನೊಂದು 2016ರಲ್ಲಿ ಹುಟ್ಟಿದ "ಚಾಪೋ ಟ್ರ್ಯಾಪ್ ಹೌಸ್". ಕೇಳುಗರೇ ತಿಂಗಳು ತಿಂಗಳು ಹಣ ಕೊಟ್ಟು ಸಾಕಿದ್ದು, ಅದು ಮೆಚ್ಚುವಂಥದ್ದೇ. ಆದರೆ ಮಾತೆಲ್ಲ ಲೇವಡಿ. ಅವರ ದೇಶದವರನ್ನು ಅವರು ಲೇವಡಿ ಮಾಡಿದರೆ ನಮಗೆ ಅರ್ಧ ಅರ್ಥವಾಗೋದಿಲ್ಲ, ಅರ್ಥವಾದ ಅರ್ಧದಿಂದ ಹೊಲಕ್ಕೆ ಏನೂ ಪ್ರಯೋಜನವಿಲ್ಲ. ಎರಡನ್ನೂ ಬಿಡಬಹುದು.

"ಡೆಮಾಕ್ರಸಿ ನೌ" ಹಾಗಲ್ಲ. ಅಲ್ಲಿ ಕೂಗಾಟ ಇಲ್ಲ. ಪೆಟ್ಟು ತಿಂದವರನ್ನೇ ಕೂರಿಸಿಕೊಂಡು ಮಾತಾಡಿಸ್ತಾರೆ. ನಮ್ಮ ದೆಹಲಿ ಹೋರಾಟವನ್ನೂ ಅವರು ದೂರದಲ್ಲಿದ್ದುಕೊಂಡೇ ಜಗತ್ತಿಗೆ ಕೇಳಿಸಿದರು. ಅಮೆರಿಕಾದ ರೈತನೂ ಬೆಲೆಗಾಗಿ ಬೀದಿಗಿಳಿದವನೇ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1979ರಲ್ಲಿ ಅವರು ಟ್ರ್ಯಾಕ್ಟರ್ ಓಡಿಸಿಕೊಂಡು ವಾಷಿಂಗ್ಟನ್ನಿಗೇ ನುಗ್ಗಿದ್ದರು. ವಾರಕ್ಕೊಮ್ಮೆಯಾದರೂ ಇದನ್ನು ಕೇಳಬಹುದು.

ನಮ್ಮ ದೇಶಕ್ಕೆ ಬಂದರೆ, ನ್ಯೂಸ್‌ಲಾಂಡ್ರಿಯ "ಹಫ್ತಾ" ವಾರದ ಸುದ್ದಿಯ ಮೇಲೆ ಹಿಂದಿ ಇಂಗ್ಲಿಷ್ ಬೆರೆಸಿ ನಡೆಸುವ ಚರ್ಚೆ. ಅವರು ತಮ್ಮನ್ನು ಎಡಪಂಥೀಯರೆಂದು ಕರೆದುಕೊಳ್ಳುವುದಿಲ್ಲ. ಆದರೆ ಈಗಿನ ಕಾಲದಲ್ಲಿ ಸರ್ಕಾರವನ್ನು ಪ್ರಶ್ನಿಸಿದವರೆಲ್ಲ ಎಡದವರೇ ತಾನೆ! ಮಾತು ಪೂರ್ತಿ ಪಟ್ಟಣದ್ದು. ಆದರೆ ತಮ್ಮನ್ನು ಬೈದು ಬರೆದ ಚಂದಾದಾರರ ಕಾಗದವನ್ನೂ ಓದಿ ಉತ್ತರ ಕೊಡ್ತಾರೆ. ಈ ಗುಣ ನಮ್ಮ ಸಂಘಗಳಿಗೂ ಬರಬೇಕು. "ದಿ ವೈರ್" 2015ರಲ್ಲಿ ಶುರುವಾದದ್ದು. ಅದರಲ್ಲಿ ಸಿದ್ಧಾರ್ಥ ಭಾಟಿಯಾ ಒಬ್ಬೊಬ್ಬ ತಿಳಿದವರನ್ನು ಕರೆದು ಸಾವಧಾನವಾಗಿ ಮಾತಾಡಿಸ್ತಾರೆ. ಬಂದ ಅತಿಥಿ ಯಾರು ಎಂದು ನೋಡಿ ಆರಿಸಿಕೊಂಡು ಕೇಳಿ.

ರವೀಶ್ ಕುಮಾರ್ ಹಿಂದಿಯವರು. 2019ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು, 2022ರ ನವೆಂಬರಿನಲ್ಲಿ ಎನ್‌ಡಿಟಿವಿ ಬಿಟ್ಟು ತಮ್ಮದೇ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದಾರೆ. ಹಿಂದಿ ಸ್ವಲ್ಪ ಬಂದರೂ ತಿಳಿಯುತ್ತದೆ, ನಿಧಾನವಾಗಿ ಬಿಡಿಸಿ ಹೇಳ್ತಾರೆ. ಆದರೆ ಅವರ ಮುಖ್ಯ ಸಿಟ್ಟು ಟೀವಿ ಪತ್ರಕರ್ತರ ಮೇಲೆ. ದಿನಾ ಅದನ್ನೇ ಕೇಳಿದರೆ ನಮ್ಮ ಸಿಟ್ಟೂ ಅಲ್ಲೇ ಖರ್ಚಾಗಿ ಹೋಗುತ್ತದೆ, ಮಂಡಿಯಲ್ಲಿ ತೂಕ ಹೊಡೆಯುವವನ ಮುಂದೆ ಸಿಟ್ಟು ಉಳಿಯೋದಿಲ್ಲ.

"ನ್ಯೂಸ್‌ಕ್ಲಿಕ್" ಬಗ್ಗೆ ಬೇರೆಯಾಗಿಯೇ ಹೇಳಬೇಕು. 2009ರಲ್ಲಿ ಪ್ರಬೀರ್ ಪುರಕಾಯಸ್ಥ ಕಟ್ಟಿದ್ದು, ಮುಚ್ಚುಮರೆ ಇಲ್ಲದ ಎಡಪಂಥ. ರೈತ, ಕಾರ್ಮಿಕರ ಹೋರಾಟಗಳನ್ನು ಬಿಡದೆ ವರದಿ ಮಾಡಿದರು. 2023ರ ಅಕ್ಟೋಬರ್ 3ರಂದು ಅವರ ಕಚೇರಿ, ಪತ್ರಕರ್ತರ ಮನೆಗಳ ಮೇಲೆ ಪೊಲೀಸು ದಾಳಿ ಆಯಿತು. ಯುಎಪಿಎ ಕಾಯ್ದೆಯಡಿ ಪುರಕಾಯಸ್ಥರನ್ನು ಬಂಧಿಸಿದರು. ಪೊಲೀಸರ ಎಫ್‌ಐಆರ್‌ನಲ್ಲಿ ದೆಹಲಿಯ ರೈತ ಹೋರಾಟವನ್ನೂ ಎಳೆದು ತಂದು, ವಿದೇಶಿ ಹಣದಿಂದ ಅದನ್ನು ಲಂಬಿಸಿದರು ಎಂದು ಬರೆದರು. 2024ರ ಮೇ 15ರಂದು ಸುಪ್ರೀಂ ಕೋರ್ಟು ಆ ಬಂಧನವೇ ಕಾನೂನುಬಾಹಿರ ಎಂದು ಹೇಳಿ ಬಿಡುಗಡೆಗೆ ಆದೇಶ ಮಾಡಿತು. ಒಂದು ವರ್ಷಕ್ಕೂ ಮಿಕ್ಕಿ ಟ್ರಾಲಿಯಲ್ಲಿ ಮಲಗಿದ ಪಂಜಾಬಿನ ರೈತನ ಹೊಟ್ಟೆ ತುಂಬಿಸಿದ್ದು ಅವನ ಊರಿನ ಹಿಟ್ಟು, ಹಾಲು. ಅದು ವಿದೇಶಿ ಹಣ ಎಂದವರಿಗೆ ನಾಚಿಕೆ ಬೇಡವೇ? ಇಂಥವರ ದನಿ ನಿಲ್ಲದಂತೆ ನೋಡಿಕೊಳ್ಳುವುದು ನಮ್ಮ ಋಣ. ಆದರೂ ಕೇಳುವಾಗ ನಾಲ್ಕು ಪ್ರಶ್ನೆ ಇವರಿಗೂ ಇರಲಿ. ಜೈಲಿಗೆ ಹೋಗಿ ಬಂದವರ ಲೆಕ್ಕವನ್ನೂ ಕೂಡಿ ಕಳೆದು ನೋಡಬೇಕು.

ಎಲ್ಲಕ್ಕಿಂತ ಮೇಲೆ ನಾನು ಇಡುವುದು ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ "ಪರಿ". ಹಳ್ಳಿಗಾಡಿನ ಭಾರತದ ಕಡತ ಎಂದು ಹೇಳಬಹುದು. ಅದು ಪೂರ್ತಿ ಪಾಡ್‌ಕಾಸ್ಟ್ ಅಲ್ಲ, ಬರಹ, ಚಿತ್ರ, ದನಿ ಎಲ್ಲವೂ ಇದೆ. ಕನ್ನಡದಲ್ಲೂ ಓದಲು ಸಿಗುತ್ತದೆ. ಅಲ್ಲಿ ಮಹಾರಾಷ್ಟ್ರದ ಹೆಂಗಸರ ಬೀಸುಕಲ್ಲಿನ ಹಾಡುಗಳ ದೊಡ್ಡ ಸಂಗ್ರಹವಿದೆ, ಕಲೆಹಾಕಿದ್ದು ಒಂದು ಲಕ್ಷಕ್ಕೂ ಮೀರಿ. ಅದನ್ನು ಕೇಳಿದರೆ ಗೊತ್ತಾಗುತ್ತದೆ, ಹಳ್ಳಿಯ ಹೆಂಗಸು ಯಾವ ಎಡಪಂಥವನ್ನೂ ಓದದೆ ಎಷ್ಟು ಖಾರವಾಗಿ ಯೋಚಿಸಿದ್ದಾಳೆ ಎಂದು. ಸಾಯಿನಾಥರ ಬರದ ಪುಸ್ತಕವನ್ನು ಜಿ.ಎನ್. ಮೋಹನ್ ಕನ್ನಡಕ್ಕೆ ತಂದಿದ್ದಾರೆ, ಕೈಗೆ ಸಿಕ್ಕರೆ ಓದಿ.

ಕನ್ನಡದಲ್ಲಿ "ಈ ದಿನ", "ನಾನು ಗೌರಿ" ಇವೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಉಳಿಸಿಕೊಳ್ಳಲು ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ದೊಡ್ಡ ಚಾನೆಲ್‌ಗಳ ಕ್ಯಾಮೆರಾ ಅಲ್ಲಿಗೆ ಬಂದು ಹೋಗುವುದಾಗಿತ್ತು. ಆ ಧರಣಿಯ ಸುದ್ದಿಯನ್ನು ಕನ್ನಡದಲ್ಲಿ ಬಿಡದೆ ಹೇಳಿದವರು ಇಂಥ ಸಣ್ಣವರು. ನಮ್ಮ ಭಾಷೆಯಲ್ಲಿ ನಮ್ಮ ನೆಲದ ಸುದ್ದಿ ಹೇಳುವವರಿಗೆ ಮೊದಲ ಮಣೆ. ಆದರೆ ಇವರಿಗೊಂದು ಮಾತು: ಹೋರಾಟ ನಡೆದ ದಿನ ಮಾತ್ರ ಬರಬೇಡಿ. ತೊಗರಿ ಮಾರುಕಟ್ಟೆಗೆ ಬಂದ ದಿನ ಕಲಬುರಗಿಗೆ ಬನ್ನಿ, ಈರುಳ್ಳಿ ಬೆಲೆ ಬಿದ್ದ ದಿನ ಯಾರ್ಡಿಗೆ ಬನ್ನಿ.

ಇನ್ನು ಒಂದು ಕಹಿ ಮಾತು. ಎಡದವರಿಗೂ ನಮಗೂ ಹಳೆಯ ಜಗಳ ಇದೆ. ಅದನ್ನು ಮುಚ್ಚಿಡಬಾರದು. ಕೇಂದ್ರದ ಕೃಷಿ ಬೆಲೆ ಆಯೋಗದ ಅಧ್ಯಕ್ಷರಾಗಿದ್ದ, ಮುಂದೆ ಬಂಗಾಳದ ಎಡರಂಗ ಸರ್ಕಾರದ ಹಣಕಾಸು ಮಂತ್ರಿಯಾದ ಅಶೋಕ್ ಮಿತ್ರಾ 1977ರ ತಮ್ಮ ಪುಸ್ತಕದಲ್ಲಿ, ಧಾನ್ಯದ ಬೆಲೆ ಏರಿಸಿದರೆ ಲಾಭ ದೊಡ್ಡ ಹಿಡುವಳಿದಾರನಿಗೆ, ಪೆಟ್ಟು ಕೊಂಡು ತಿನ್ನುವ ಬಡವನಿಗೆ ಎಂದು ವಾದಿಸಿದರು. 1980ರಲ್ಲಿ ನರಗುಂದ, ನವಲಗುಂದದಲ್ಲಿ ಗುಂಡು ಹಾರಿ ರೈತ ಸಂಘ ಹುಟ್ಟಿದಾಗಲೂ ಅನೇಕ ಎಡಪಂಥೀಯರು ನಮ್ಮನ್ನು ಕುಲಕರು, ಶ್ರೀಮಂತ ರೈತರು ಎಂದೇ ಕರೆದರು. ಎರಡು ಎಕರೆ ಖುಷ್ಕಿಯವನೂ ಶ್ರೀಮಂತನೇ! ಕಾಲ ಬದಲಾಗಿದೆ. 2018ರ ಮಾರ್ಚಿನಲ್ಲಿ ನಾಸಿಕದಿಂದ ಮುಂಬಯಿಗೆ ಸುಮಾರು 180 ಕಿಲೋಮೀಟರು ಬರಿಗಾಲಲ್ಲಿ ನಡೆದವರನ್ನು ಸಂಘಟಿಸಿದ್ದು ಎಡಪಕ್ಷದ ಕಿಸಾನ್ ಸಭೆ. ದೆಹಲಿ ಗಡಿಯಲ್ಲಿ ಕೆಂಪು ಬಾವುಟವೂ ಹಸಿರು ಬಾವುಟವೂ ಒಟ್ಟಿಗೆ ನಿಂತು, 2021ರ ನವೆಂಬರಿನಲ್ಲಿ ಮೂರು ಕಾಯ್ದೆಗಳನ್ನು ವಾಪಸು ತೆಗೆಸಿದವು.

ಆದರೂ ಪಟ್ಟಣದ ಎಡ ಪಾಡ್‌ಕಾಸ್ಟುಗಳಲ್ಲಿ ಹಳೆಯ ಮಾತು ಆಗಾಗ ಕೇಳಿಸುತ್ತದೆ. ಟೊಮೆಟೊ ಬೆಲೆ ಏರಿದ ವಾರ ಬೆಲೆ ಏರಿಕೆ ಎಂದು ಅಳ್ತಾರೆ, ಟೊಮೆಟೊ ರಸ್ತೆಗೆ ಸುರಿದ ವಾರ ಬೇರೆ ವಿಷಯ ಮಾತಾಡ್ತಾರೆ. ಇದನ್ನು ಎತ್ತಿ ಹೇಳಬೇಕು.

ಹಾಗೆಯೇ ಅವರು ನಮ್ಮನ್ನು ಕೇಳುವ ಒಂದು ಪ್ರಶ್ನೆಗೆ ಕಿವಿ ಮುಚ್ಚಿಕೊಳ್ಳಬಾರದು. ಆಳಿನ ಕೂಲಿ ಏನು? ಹೆಣ್ಣಾಳಿಗೆ ಯಾಕೆ ಕಡಿಮೆ? 2005ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಬಂದಾಗ "ಇನ್ನು ಆಳು ಸಿಗೋದಿಲ್ಲ" ಎಂದು ಗೊಣಗಿದವರು ನಮ್ಮ ಜಗಲಿಗಳಲ್ಲೇ ಇದ್ದರು. ಬೆಲೆ ಸಿಕ್ಕರೆ ಕೂಲಿ ಕೊಡ್ತೇವೆ ಎನ್ನುವುದು ನಮ್ಮ ಉತ್ತರ. ಸರಿಯಾದ ಉತ್ತರವೇ. ಆದರೆ ಬೆಲೆ ಸಿಕ್ಕ ವರ್ಷ ಕೂಲಿ ಏರಿಸಿದೆವೇ? ಅಡಿಕೆಗೆ, ಶುಂಠಿಗೆ ಬಂಗಾರದ ಬೆಲೆ ಬಂದ ವರ್ಷ ಕೊಯ್ಯುವವರಿಗೆ ಎಷ್ಟು ಹೆಚ್ಚು ಕೊಟ್ಟೆವು? ವೈಜ್ಞಾನಿಕ ಬೆಲೆ ಬೇಕು ಎನ್ನುವವನಿಗೆ ವೈಜ್ಞಾನಿಕ ಕೂಲಿ ಎಂಬ ಮಾತೂ ಬಾಯಲ್ಲಿ ಬರಬೇಕು. ಇದನ್ನು ಮುಖದ ಮೇಲೆ ಹೇಳುವ ಪಾಡ್‌ಕಾಸ್ಟ್ ಇದ್ದರೆ ಅದನ್ನು ಆರಿಸಬೇಡಿ, ಪೂರ್ತಿ ಕೇಳಿ. ನಮ್ಮನ್ನು ಹೊಗಳುವವರಿಗಿಂತ ಅವರಿಂದ ಲಾಭ ಹೆಚ್ಚು.

ಕೊನೆಗೆ ಕೇಳುವ ರೀತಿಯ ಬಗ್ಗೆ. ಕಿವಿಗೆ ವೈರು ಸಿಕ್ಕಿಸಿಕೊಂಡು ಒಬ್ಬೊಬ್ಬನೇ ಕೇಳುವುದು ನನಗೆ ಒಪ್ಪಿಗೆ ಇಲ್ಲ. ಯೂಟ್ಯೂಬಿನಲ್ಲಿ ಒಂದು ಕೇಳಿದರೆ ಅದೇ ತರದ ಹತ್ತನ್ನು ತಂದು ಮುಂದೆ ಸುರಿಯುತ್ತದೆ. ಒಬ್ಬನೇ ಕೇಳಿ ಒಬ್ಬನೇ ಸಿಟ್ಟಾಗಿ ಒಬ್ಬನೇ ಮಲಗಿದರೆ ಚಳವಳಿ ಆಗೋದಿಲ್ಲ. 1941ರಲ್ಲಿ ಕೆನಡಾದ ರೈತರು ರೇಡಿಯೋ ಮುಂದೆ ಗುಂಪಾಗಿ ಕೂತು ಕೇಳುವ ಪದ್ಧತಿ ಶುರು ಮಾಡಿದರು. ಓದು, ಕೇಳು, ಚರ್ಚಿಸು, ಕೆಲಸ ಮಾಡು ಎಂಬುದು ಅವರ ಸೂತ್ರ. ಅದನ್ನು ನೋಡಿ 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆಯ ಆಕಾಶವಾಣಿ 150 ಹಳ್ಳಿಗಳಲ್ಲಿ ರೇಡಿಯೋ ರೈತ ಕೂಟ ನಡೆಸಿತು. ವಾರಕ್ಕೆರಡು ಸಲ ಅರ್ಧ ಗಂಟೆ ಕೇಳುವುದು, ಆಮೇಲೆ ವಾದ ಮಾಡುವುದು, ಪ್ರಶ್ನೆಗಳನ್ನು ಬರೆದು ನಿಲಯಕ್ಕೆ ಕಳಿಸುವುದು. ಎಪ್ಪತ್ತು ವರ್ಷದ ಹಿಂದೆ ಡಬ್ಬಿ ರೇಡಿಯೋದಲ್ಲಿ ಆದದ್ದು ಈಗ ಆಗದೇ?

ನನ್ನ ಸಲಹೆ ಇಷ್ಟೇ. ಪ್ರತಿ ಗ್ರಾಮ ಘಟಕ ವಾರಕ್ಕೊಂದು ಸಂಜೆ, ಡೈರಿಗೆ ಹಾಲು ಹಾಕಿ ಆದ ಮೇಲೆ, ಕಟ್ಟೆಯ ಮೇಲೆ ಒಂದು ಸ್ಪೀಕರ್ ಇಟ್ಟು ಒಂದು ಕಾರ್ಯಕ್ರಮ ಹಾಕಲಿ. ಹೆಂಗಸರೂ ಕೂಲಿಯವರೂ ಬರಲಿ. ಹಿಂದಿ ಇಂಗ್ಲಿಷ್ ಬಲ್ಲ ಮಕ್ಕಳು ನಡುನಡುವೆ ನಿಲ್ಲಿಸಿ ಅರ್ಥ ಹೇಳಲಿ. ಮೇಲೆ ಹೇಳಿದ ನಾಲ್ಕು ಪ್ರಶ್ನೆ ಕೇಳಿ ಅಂಕ ಕೊಡಿ. ತಪ್ಪು ಹೇಳಿದವರಿಗೆ ಕಾಗದ ಬರೆಯಿರಿ, ಸರಿ ಹೇಳಿದವರಿಗೆ ಕೈಲಾದಷ್ಟು ಚಂದಾ ಕಳಿಸಿ. ಅದರ ಜೊತೆಗೆ, ನಿಮ್ಮ ಊರಿನ ಒಬ್ಬ ರೈತ, ಒಬ್ಬ ಕೂಲಿ ಹೆಣ್ಣುಮಗಳು ಈ ಸಲದ ಬೆಳೆಯ ಖರ್ಚು ವೆಚ್ಚವನ್ನು ಬಿತ್ತನೆಯಿಂದ ಮಾರಾಟದವರೆಗೆ ಅವರ ಬಾಯಿಂದಲೇ ಹೇಳಿದ್ದನ್ನು ಮೊಬೈಲಿನಲ್ಲಿ ಹಿಡಿದಿಡಿ. ಕನ್ನಡದಲ್ಲಿ ಬೆಲೆ ಮತ್ತು ಸಾಲದ ಮೇಲೆ ನಮ್ಮದೇ ಒಂದು ಪಾಡ್‌ಕಾಸ್ಟ್ ಆಗಬೇಕಾದರೆ ಅದು ಅಲ್ಲಿಂದ ಶುರುವಾಗಬೇಕು.

ಯಾವ ಊರಿನಲ್ಲಿ ಕೂಟ ಶುರುವಾಯಿತು, ಏನು ಕೇಳಿದಿರಿ, ಯಾರಿಗೆ ಎಷ್ಟು ಅಂಕ ಕೊಟ್ಟಿರಿ, ಈ ಪತ್ರಿಕೆಗೆ ಬರೆದು ಕಳಿಸಿ.